ಮೇಷ್ಟ್ರ ಹೊಸ ಕೃತಿ

ಮೇಷ್ಟ್ರು ಮತ್ತೆ ಬರೆಯಲು ಕೂತಿದ್ದಾರೆ ಎಂಬುದು ಮನೆಯವರಿಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಯಿತು. ಎರಡು ಮನೆಗೂ ನಡುವಿನ ಗೋಡೆ ಒಂದೇ. ಈ ಕಡೆ ಪಿಯಾನೋ ಮುಟ್ಟಿದರೆ ಆ ಕಡೆ ಕಪಾಟಿನ ಲೋಟಗಳು ಅಲುಗುತ್ತವೆ. ಬೆಳಿಗ್ಗೆ ಕಸದ ಡಬ್ಬಿ ಹೊರಗಿಡಲು ಬಂದ ಪಕ್ಕದಾಕೆ, "ಅಕ್ಕಯ್ಯ, ನಿಮ್ಮವರು ಮತ್ತೆ ಶುರು ಹಚ್ಕೊಂಡ್ರಲ್ಲ" ಎಂದಳು. ಅದು ದೂರೋ ಸಂತೋಷವೋ ದನಿಯಿಂದ ತಿಳಿಯಲಿಲ್ಲ.

"ಇಷ್ಟು ವರ್ಷ ಸುಮ್ಮನಿದ್ರಲ್ಲ, ಈಗ ಸ್ವಲ್ಪ ದಿನ ತಡ್ಕೊಳಿ" ಎಂದು ಅಕ್ಕಯ್ಯ ನಕ್ಕಳು.

ಬೀದಿಗೆಲ್ಲ ಅವಳು ಅಕ್ಕಯ್ಯ. ಮಧ್ಯಾಹ್ನ ಊಟವಾದ ಮೇಲೆ ಮೂಲೆಯ ಲಾಂಡ್ರಿಗೆ ಹೋಗಿ ಗುಂಡಿ ಹಾಕುವುದು, ಜಿಪ್ಪು ಬದಲಿಸುವುದು, ಹರಿದ ಅಸ್ತರು ಕೂಡಿಸುವುದು ಅವಳ ಕೆಲಸ. ಗಂಡ ಊರಿಗೆಲ್ಲ ಮೇಷ್ಟ್ರು. ಸಂಗೀತ ಶಾಲೆಯಲ್ಲಿ ತಲೆ ಬೆಳ್ಳಗಾಗುವವರೆಗೆ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೇಳುತ್ತಿದ್ದರು. ಪಾಠ ಹೊಟ್ಟೆಪಾಡಿಗೆ, ಬರೆಯುವುದು ಪ್ರಾಣಕ್ಕೆ. ಆದರೆ ಅವರು ಬರೆಯುತ್ತಿದ್ದದ್ದು ಜನ ತಲೆದೂಗುವಂಥ ಸಂಗೀತವಲ್ಲ. ಪಕ್ಕಪಕ್ಕದ ಎರಡು ಸ್ವರಗಳನ್ನು ಒಟ್ಟಿಗೆ ಒತ್ತಿ ಹಲ್ಲು ಚುಳ್ಳೆನ್ನಿಸುವುದು, ಆಮೇಲೆ ನಿಂತೇ ಹೋಯಿತೇನೋ ಅನ್ನುವಷ್ಟು ಹೊತ್ತು ಸುಮ್ಮನಿರುವುದು. ಅಕ್ಕಯ್ಯನ ತಾಯಿ ಬದುಕಿದ್ದಾಗ ಅಡುಗೆಮನೆಯಿಂದಲೇ, "ಅಳಿಯಂದ್ರು ಅದನ್ನ ಬಾರಿಸ್ತಿದಾರೋ ರಿಪೇರಿ ಮಾಡ್ತಿದಾರೋ?" ಎಂದು ಕೇಳುತ್ತಿದ್ದಳು.

ಈ ಸಲ ಬರೆಯಲು ಕಾರಣವಿತ್ತು. ಸಂಗೀತ ಶಾಲೆಯ ಸಭಾಂಗಣದ ಚಾವಣಿ ಸೋರಿ, ಎರಡು ವರ್ಷದಿಂದ ಬೀಗ ಬಿದ್ದಿತ್ತು. ಈಗ ದುರಸ್ತಿಯಾಗಿ ಚಳಿ ಶುರುವಾಗುವ ಹೊತ್ತಿಗೆ ತೆರೆಯುವುದಿತ್ತು. ಅಲ್ಲಿನ ಪ್ರಿನ್ಸಿಪಾಲ ಮೇಷ್ಟ್ರ ಶಿಷ್ಯನೇ. ಮನೆಗೆ ಬಂದು, "ಮೊದಲನೇ ಸಂಜೆ ನಿಮ್ಮದೇ ಆಗಬೇಕು ಸಾರ್, ನಾಲ್ಕು ತಂತಿವಾದ್ಯಕ್ಕೆ ಒಂದು ಹೊಸದು ಬರೆದುಕೊಡಿ" ಎಂದು ಕೇಳಿಕೊಂಡಿದ್ದ. ಮೇಷ್ಟ್ರು ಆಗ ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ಮರುದಿನ ಮಾತ್ರ ಎಲ್ಲರಿಗಿಂತ ಮೊದಲೆದ್ದು ಪೆನ್ಸಿಲುಗಳನ್ನೆಲ್ಲ ಹೆರೆದು ಸಾಲಾಗಿ ಇಟ್ಟುಕೊಂಡಿದ್ದರು.

ಆ ವಾರ ಮನೆಯಲ್ಲಿ ಒಂಥರಾ ಗೆಲುವು. ಮಗಳು, ಅಳಿಯ, ಮೊಮ್ಮಗಳು ಗುಬ್ಬಿ ಎಲ್ಲರೂ ಇದ್ದದ್ದು ಆ ಮನೆಯಲ್ಲೇ, ಮಹಡಿಯ ಮೇಲೆ. ಮಗಳು ಮಕ್ಕಳ ಶಾಲೆಯಲ್ಲಿ ಟೀಚರು. ಬಿಡುವಿನಲ್ಲಿ ವಯೋಲ ನುಡಿಸುತ್ತಾಳೆ. ಅದು ಪಿಟೀಲಿಗಿಂತ ಒಂದು ಸುತ್ತು ದೊಡ್ಡದು, ದನಿ ಒಂದು ಸುತ್ತು ದಪ್ಪ. ಅಳಿಯ ಲಿಫ್ಟ್ ಮೆಕ್ಯಾನಿಕ್ಕು. ಸಂಗೀತದ ವಿಷಯದಲ್ಲಿ ತಾನು ಕಿನ್ನರಿ ಮುಂದಿನ ಕೋಣ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

"ಮಾವ, ತಪ್ಪು ತಿಳ್ಕೋಬೇಡಿ" ಎಂದ ಒಂದು ರಾತ್ರಿ ಊಟಕ್ಕೆ ಕೂತಾಗ. "ನಮ್ಮ ಲಿಫ್ಟ್ ಇಂಥ ಸದ್ದು ಮಾಡಿದ್ರೆ ನಾನು ಮೊದಲು ಮೇನ್ ಆಫ್ ಮಾಡ್ತೀನಿ."

"ನಿಮ್ಮ ಲಿಫ್ಟು ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ" ಎಂದರು ಮೇಷ್ಟ್ರು, ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ. "ನನ್ನದು ಎರಡು ಮಹಡಿ ಮಧ್ಯೆ ನಿಂತುಬಿಡುತ್ತೆ. ಒಳಗಿದ್ದೋರು ಆಗಲೇ ಒಬ್ಬರ ಮುಖ ಒಬ್ಬರು ನೋಡೋದು."

ಎಲ್ಲರೂ ನಕ್ಕರು. ಮೇಷ್ಟ್ರು ಎರಡನೆಯ ಸಲ ಸೂಪು ಹಾಕಿಸಿಕೊಂಡರು. ಗಂಡ ಹೀಗೆ ಕೇಳಿ ಬಡಿಸಿಕೊಂಡು ಎಷ್ಟು ದಿನವಾಯಿತು ಎಂದು ಅಕ್ಕಯ್ಯ ಅಂದುಕೊಂಡಳು.

ಮುಂದಿನ ವಾರ ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಳು. ಮುಂದಿನ ಕೋಣೆಯಲ್ಲಿ ಮೇಷ್ಟ್ರು ಒಂದು ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದರು. ಇಳಿಯುತ್ತಿದ್ದ ಮೂರು ಸ್ವರ, ಒಂದು ನಿಲುಗಡೆ, ಮತ್ತೆ ಅರ್ಧಕ್ಕೇ ಏರಿ ಬಿಟ್ಟದ್ದು. ಅಕ್ಕಯ್ಯ ಕೈಕೆಲಸದ ಗುಂಗಿನಲ್ಲಿ ಅದರ ಜೊತೆ ಗುನುಗತೊಡಗಿದಳು. ಪಿಯಾನೋ ನಿಂತಿತು. ಅವಳ ಗುನುಗು ನಿಲ್ಲಲಿಲ್ಲ.

ತಲೆಯೆತ್ತಿದರೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಪೆನ್ಸಿಲು.

"ಈಗೇನು ಹಾಡಿದೆ?"

"ನೀವು ಬಾರಿಸ್ತಿದ್ದದ್ದೇ."

"ನಾನು ಅಲ್ಲೀವರೆಗೆ ಬಾರಿಸಿಲ್ಲ. ಅದು ಈಗಷ್ಟೇ ನನ್ನ ತಲೇಲಿ ಬಂತು. ಬರೆಯೋಣ ಅಂತ ಕೈ ಎತ್ತಿದೆ, ನೀನು ಹಾಡಿಬಿಟ್ಟೆ." ಅವರ ಮುಖ ಊರಗಲವಾಗಿತ್ತು. "ನೋಡೇ, ಇದರ ಅರ್ಥ ಏನು ಗೊತ್ತಾ? ದಾರಿ ಸರಿಯಾಗಿದೆ. ಕೇಳೋರ ಕಿವೀಗೆ ಮುಂದಿನ ಹೆಜ್ಜೆ ತಾನಾಗೇ ಹೊಳೀಬೇಕು. ನಲವತ್ತು ವರ್ಷ ಜೊತೇಲಿದ್ದು ಇವತ್ತು ನಿನಗೆ ಸಂಗೀತ ಬಂತು."

"ಬಂತು ಬಿಡಿ. ಬೀನ್ಸು ಬೇಯೋಕಿಡಬೇಕು, ಹೋಗಿ" ಎಂದಳು ಅಕ್ಕಯ್ಯ.

ಅವರು ಮಗುವಿನ ಹಾಗೆ ಓಡಿದರು. ಅವಳ ಕೈಯಲ್ಲಿದ್ದ ಬೀನ್ಸು ಮಾತ್ರ ಹಾಗೇ ಉಳಿಯಿತು. ಈ ರಾಗ ತನ್ನ ಬಾಯಿಗೆ ಬಂದದ್ದು ಎಲ್ಲಿಂದ ಎಂದು ಹುಡುಕಿಕೊಂಡು ಹೋದಳು. ಬಹಳ ದೂರ ಹೋಗಬೇಕಾಗಲಿಲ್ಲ. ಮಗಳು ಇನ್ನೂ ಹಲ್ಲು ಬರುತ್ತಿದ್ದ ಕೂಸು. ಆಗ ಇದ್ದದ್ದು ಒಂದೇ ಕೋಣೆಯ ಮನೆ, ನಡುವೆ ಒಂದು ಪರದೆ. ಪರದೆಯ ಆ ಕಡೆ ಮೇಷ್ಟ್ರು ಬರೆಯುತ್ತಿದ್ದರು, ಈ ಕಡೆ ಕೂಸು ಅಳುತ್ತಿತ್ತು. ಅಕ್ಕಯ್ಯನಿಗೆ ಹಾಡು ಪಾಡು ಬಾರದು. ಮನೆಯಲ್ಲಿದ್ದ ರಾಗ ಅದೊಂದೇ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅದನ್ನೇ ಗುನುಗುತ್ತ ತಿರುಗಿದ್ದಳು. ಆ ಕೃತಿಯನ್ನು ಸಂಗೀತ ಶಾಲೆಯ ಸಭಾಂಗಣದಲ್ಲಿ ಒಂದೇ ಒಂದು ಸಲ ನುಡಿಸಿದರು. ಮುಗಿದದ್ದು ಯಾರಿಗೂ ತಿಳಿಯಲೇ ಇಲ್ಲ. ಯಾರೋ ಕೆಮ್ಮಿದರು, ಯಾರೋ ಕೋಟು ಹುಡುಕಿಕೊಂಡು ಎದ್ದರು, ಕೊನೆಗೆ ಚಪ್ಪಾಳೆಯಿಲ್ಲದೆ ಸಭೆ ಚದುರಿತು. ಮೇಷ್ಟ್ರು ಮನೆಗೆ ಬಂದು ಹಾಳೆಗಳನ್ನೆಲ್ಲ ಒಲೆಗೆ ಹಾಕಿದ್ದರು. ತಡೆಯಲು ಹೋದ ಅವಳ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದ್ದರು. ಅಂದಿನಿಂದ ಅದರ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ಮಗಳ ಹತ್ತಿರ ಹೋಗಿ, "ಇದು ಯಾವುದು ಗೊತ್ತೇನೇ?" ಎಂದು ಮೆಲ್ಲಗೆ ಗುನುಗಿದಳು.

"ನಿನ್ನ ಜೋಗುಳ" ಎಂದಳು ಮಗಳು. "ಗುಬ್ಬಿಗೂ ನೀನು ಅದನ್ನೇ ಹಾಡ್ತಿದ್ದೆ. ಅಜ್ಜಿ ನಿನಗೆ ಕಲಿಸಿದ್ದು ಅಂದ್ಕೊಂಡಿದ್ದೆ ನಾನು."

"ನಿಮ್ಮಪ್ಪ ಬರೆದದ್ದು. ನೀನು ಕೂಸಾಗಿದ್ದಾಗ. ಈಗ ಅದನ್ನೇ ಹೊಸದು ಅಂತ ಬರೀತಿದಾರೆ."

ಮಗಳು ಮಡಚುತ್ತಿದ್ದ ಹಾಸನ್ನು ಎದೆಗೆ ಒತ್ತಿಕೊಂಡು ನಿಂತಳು. "ಒಂದು ಸಾಲು ಹಾಗೆ ಬಂದಿರಬಹುದಮ್ಮ. ಎಲ್ಲರೂ ಹಳೇದನ್ನ ಅಲ್ಲಿ ಇಲ್ಲಿ ತಗೋತಾರೆ."

"ಒಂದು ಸಾಲಲ್ಲ. ಬೆಳಿಗ್ಗೆಯಿಂದ ಕೇಳ್ತಿದೀನಿ. ಇವತ್ತು ಬಾರಿಸಿದ್ದಷ್ಟೂ ಅದೇ."

ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಉಳಿದದ್ದೂ ಒಂದೊಂದಾಗಿ ಕಾಣತೊಡಗಿತು. ಮೇಷ್ಟ್ರು ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟಿದ್ದರು. ಅವನೇ ಹಿಂದಕ್ಕೆ ತಂದುಕೊಟ್ಟ. ಪಾಠಕ್ಕೆ ಬರುವ ಹುಡುಗಿಯೊಬ್ಬಳ ತಾಯಿ ಬಾಗಿಲಲ್ಲೇ ನಿಂತು, "ತಪ್ಪು ತಿಳೀಬೇಡಿ ಅಕ್ಕಯ್ಯ, ಮೇಷ್ಟ್ರು ಮೂರು ವಾರದಿಂದ ಒಂದೇ ಪಾಠ ಹೇಳ್ತಿದಾರೆ. ಮೊದಲನೇ ಸಲದ ಹಾಗೇ ಹೇಳ್ತಾರಂತೆ, ಅದೇ ಮಾತು, ಅದೇ ಜೋಕು. ಇವಳು ಪಾಪ ಅದೇ ಜಾಗದಲ್ಲಿ ನಗ್ತಾಳಂತೆ" ಎಂದಳು. ಅಕ್ಕಯ್ಯ ಅವಳನ್ನು ಒಳಗೆ ಕರೆದು ಚಹಾ ಕೊಟ್ಟಳು. ಮುಂದಿನ ವಾರದಿಂದ ಆ ಹುಡುಗಿ ಬರಲಿಲ್ಲ.

ಮೇಷ್ಟ್ರು ಸಂಗೀತ ಶಾಲೆಗೆ ಹೋಗಿದ್ದ ಒಂದು ಭಾನುವಾರ ಮೂವರೂ ಊಟದ ಮೇಜಿನ ಸುತ್ತ ಕೂತರು. ಗುಬ್ಬಿಯನ್ನು ಪಕ್ಕದ ಮನೆಗೆ ಆಡಲು ಕಳಿಸಿದ್ದಾಗಿತ್ತು.

"ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕು" ಎಂದಳು ಮಗಳು. "ಅದಕ್ಕೂ ಮೊದಲು ಅಪ್ಪನಿಗೆ ಹೇಳಬೇಕು. ಇಲ್ಲದಿದ್ರೆ ನಾಳೆ ಅಷ್ಟು ಜನದ ಮುಂದೆ ಮಾನ ಹೋಗುತ್ತೆ."

"ಯಾಕೆ ಹೋಗುತ್ತೆ?" ಎಂದ ಅಳಿಯ. "ಅವರೇನು ಇನ್ನೊಬ್ಬರದು ಕದ್ದಿದಾರಾ? ಅವರದ್ದೇ. ಸುಟ್ಟು ಹಾಕಿದ್ದು ತಿರುಗಿ ಬಂತು ಅಂದ್ರೆ ಲಾಭಾನೇ ಅಲ್ವಾ? ಗೊತ್ತಿರೋದು ಅತ್ತೆ ಒಬ್ಬರಿಗೆ. ಬಾಯಿ ಮುಚ್ಕೊಂಡಿದ್ರೆ ಆಯ್ತು."

"ನಿಮಗೆ ಅರ್ಥ ಆಗಲ್ಲ. ಅಪ್ಪ ಒಬ್ಬ ಶಿಷ್ಯನ್ನ ಶಾಲೆಯಿಂದ ಓಡಿಸಿದ್ರು, ಹೋದ ವರ್ಷದ ಕೆಲಸಾನೇ ಹೊಸ ಹಾಳೇಲಿ ಬರ್ಕೊಂಡು ಬಂದ ಅಂತ."

"ಅದಕ್ಕೇ ಹೇಳ್ತಿದೀನಿ, ಹೇಳಬೇಡ ಅಂತ. ಹೇಳಿದ್ರೆ ಈ ಮನುಷ್ಯ ಉಳೀತಾರಾ?"

"ಹೇಳದೇ ಇದ್ರೆ ಉಳೀತಾರಾ?"

"ನಾನು ಮನೆ ಅಳಿಯ. ಕೇಳಿದ್ದಕ್ಕೆ ಹೇಳಿದೆ. ಮುಂದಿನದು ನಿಮ್ಮಿಷ್ಟ" ಎಂದು ಅವನು ತಟ್ಟೆ ತೊಳೆಯಲು ಎದ್ದ. ಮಗಳು ತಾಯಿಯ ಕಡೆ ತಿರುಗಿದಳು. "ನೀನೇನಮ್ಮ ಸುಮ್ಮನೆ ಕೂತಿದೀಯ?"

"ಬಾಯಲ್ಲಿ ಬಿಸಿ ತುಪ್ಪ ಇದೆ ಕಣೇ. ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ" ಎಂದಳು ಅಕ್ಕಯ್ಯ.

ಮಂಡಿ ನೋವಿನ ನೆಪ ಹೇಳಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಂಡಿ ನೋಡಿ, ಮೆಲ್ಲಗೆ ಬೇರೆ ಪ್ರಶ್ನೆಗಳಿಗೆ ಬಂದಳು. ಇವತ್ತು ಯಾವ ವಾರ, ಈಗ ಯಾವ ತಿಂಗಳು, ನಾನು ಆಗ ಹೇಳಿದ ಮೂರು ಮಾತು ಯಾವುವು. ಮೇಷ್ಟ್ರು ಮೊದಲು ತಮಾಷೆ ಮಾಡಿದರು. ಎರಡನೆಯ ಮಾತಿಗೆ ತಡವರಿಸಿದರು. ಆಮೇಲೆ ಡಾಕ್ಟರು, ಹೆಂಡತಿ, ಮಗಳು ಮೂವರನ್ನೂ ಒಬ್ಬೊಬ್ಬರನ್ನೇ ನೋಡಿದರು.

"ಇದು ಮಂಡಿ ಪರೀಕ್ಷೆ ಅಲ್ಲ" ಎಂದರು. "ಡಾಕ್ಟರಮ್ಮ, ನಿಮ್ಮ ಅನುಮಾನ ಏನು ಅಂತ ತಿಳೀತು. ನನಗೆ ಮರೆವಿರಬಹುದು. ಕನ್ನಡಕ ಎಲ್ಲಿಟ್ಟೆ ಅಂತ ಮರೆತೀನಿ, ಇವತ್ತು ಮಂಗಳವಾರಾನಾ ಬುಧವಾರಾನಾ ಅಂತಾನೂ ಮರೆತೀನಿ. ಆದರೆ ತಲೆ ಕೆಟ್ಟೋನು ನಾಲ್ಕು ವಾದ್ಯಕ್ಕೆ ಹೊಸದಾಗಿ ಒಂದು ಕೃತಿ ಕಟ್ಟೋಕೆ ಆಗಲ್ಲ. ಒಂದು ಸ್ವರ ಆಚೆ ಈಚೆ ಆದ್ರೆ ಇಡೀ ಕಟ್ಟಡ ಕುಸಿಯುತ್ತೆ. ನನ್ನದು ನಿಂತಿದೆ. ಬೇಕಾದ್ರೆ ಬಂದು ಕೇಳಿ."

ಡಾಕ್ಟರು ಬರೆಯುತ್ತಿದ್ದ ಕೈ ತಡೆದು, "ಹೊಸದಾಗಿ ಬರೀತಿದೀರಾ? ಅದು ನಿಜವಾಗ್ಲೂ ಒಳ್ಳೇ ಸೂಚನೆ" ಎಂದಳು. ಮಗಳು ಬಾಯಿ ತೆರೆದಳು. ಅಕ್ಕಯ್ಯ ಮೇಜಿನ ಕೆಳಗೆ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಗಂಡನ ಮುಖದಲ್ಲಿ ಗೆದ್ದವನ ಕಳೆಯಿತ್ತು. ಅದನ್ನು ಅಲ್ಲಿ, ಪರಸ್ಥಳದಲ್ಲಿ, ಆರಿಸಲು ಅವಳಿಗೆ ಮನಸ್ಸು ಬರಲಿಲ್ಲ. ಹೊರಗೆ ಬಂದ ಮೇಲೆ ಮಗಳು ಔಷಧಿ ತರುವ ನೆವದಲ್ಲಿ ಒಳಗೆ ಹೋಗಿ ಡಾಕ್ಟರಿಗೆ ನಿಜ ಹೇಳಿ ಬಂದಳು. ಬಂದವಳ ಕಣ್ಣು ಕೆಂಪಗಿತ್ತು. "ಏನಂದ್ರು?" ಎಂದು ಅಕ್ಕಯ್ಯ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ಅದೇ ವಾರ ಪ್ರಿನ್ಸಿಪಾಲ ಲಾಂಡ್ರಿಗೆ ಬಂದ. ಆ ಹೊತ್ತಿಗೆ ಇಸ್ತ್ರಿಯ ಉಗಿ ತುಂಬಿ ಗಾಜಿನ ಬಾಗಿಲು ಮಸುಕಾಗಿತ್ತು. ಅವನ ಕಪ್ಪು ಕೋಟಿನ ತೋಳಿನ ಹೊಲಿಗೆ ಬಿಚ್ಚಿತ್ತು. ಉದ್ಘಾಟನೆಯ ದಿನ ಹಾಕಿಕೊಳ್ಳುವ ಕೋಟು ಅದು.

"ಅಮ್ಮ, ಮೇಷ್ಟ್ರು ಮೊದಲ ಭಾಗ ಕಳಿಸಿದ್ರು" ಎಂದ, ಕೌಂಟರಿನ ಮೇಲೆ ಬಗ್ಗಿ. "ನಾನು ಎರಡು ಸಲ ಓದಿದೆ. ಹೇಗೆ ಹೇಳಲಿ. ಅವರು ನಿಲ್ಲಿಸೋ ಮುಂಚೆ ಬರೆದದ್ದೆಲ್ಲ ಸ್ವಲ್ಪ ಒಣಗಿತ್ತು, ಸುಳ್ಳು ಯಾಕೆ ಹೇಳಲಿ. ಇದರಲ್ಲಿ ಒಬ್ಬ ಮೂವತ್ತರ ಹುಡುಗ ಕೂತಿದಾನೆ. ಈ ವಯಸ್ಸಲ್ಲಿ ಎಲ್ಲಿಂದ ತಂದ್ರು ಇದನ್ನ?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅಂಗಡಿಯಲ್ಲಿ ಬೇರೆ ಗಿರಾಕಿಯಿರಲಿಲ್ಲ. ಅವನು ಒಳ್ಳೆಯವನು, ಹೇಗಾದರೂ ಸರಿದೂಗಿಸುತ್ತಿದ್ದ. ಅಕ್ಕಯ್ಯ ಕೋಟಿನ ತೋಳನ್ನು ಒಳಮಗ್ಗುಲಿಗೆ ತಿರುಗಿಸಿ ಹೊಲಿಗೆ ನೋಡಿದಳು.

"ಗುರುವಾರ ಸಿಗುತ್ತೆ ಕಣಪ್ಪ" ಎಂದಳು.

ರಿಹರ್ಸಲ್‌ಗೆ ಎಲ್ಲರೂ ಹೋದರು. ಹೊಸ ಚಾವಣಿಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ. ವೇದಿಕೆಯ ಮೇಲೆ ಎರಡು ಪಿಟೀಲು, ಮಂಡಿಗಳ ನಡುವೆ ನಿಲ್ಲಿಸಿಕೊಳ್ಳುವ ಒಂದು ಚೆಲ್ಲೋ, ವಯೋಲ ಹಿಡಿದು ಮಗಳು. ತಾನು ನುಡಿಸುವುದಿಲ್ಲ ಎಂದು ಮನೆಯಲ್ಲಿ ಹಟ ಹಿಡಿದವಳು, ಅಪ್ಪ "ನಿನಗೇ ಅಂತ ಬರ್ದಿದೀನಿ" ಎಂದಾಗ ಸೋತಿದ್ದಳು. ಮೇಷ್ಟ್ರು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಅಕ್ಕಯ್ಯ, ಅವಳ ಪಕ್ಕ ಗುಬ್ಬಿ, ಅಳಿಯ.

ಶುರುವಾಯಿತು. ಮೇಷ್ಟ್ರು ಕಣ್ಣು ಮುಚ್ಚಿ ಬೆರಳಲ್ಲಿ ತೊಡೆಯ ಮೇಲೆ ಲೆಕ್ಕ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಪಿಯಾನೋದ ಮುಂದೆ ಕೂತು ಬರೆಯುವಾಗ ತಿಳಿಯದೇ ಹೋದದ್ದು, ಆ ನಾಲ್ಕು ವಾದ್ಯಗಳ ದನಿಯಲ್ಲಿ, ಅದೇ ಸಭಾಂಗಣದಲ್ಲಿ, ಎದುರಿನಿಂದ ಬಂದು ಬಡಿಯಿತೋ ಏನೋ. ವಯೋಲ ಒಂದೇ ಉಳಿದು ಆ ಮೂರು ಸ್ವರ ಇಳಿಯುವ ಜಾಗಕ್ಕೆ ಬಂದಾಗ ಅವರು ಎದ್ದು ನಿಂತರು.

"ನಿಲ್ಸಿ."

ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಇದನ್ನ ನಾನು ಸುಟ್ಟಿದ್ದೆ" ಎಂದರು ಮೇಷ್ಟ್ರು. ದನಿ ಎತ್ತರದ್ದಲ್ಲ. "ನನ್ನ ಕೈಯಾರೆ ಸುಟ್ಟಿದ್ದೆ. ಯಾರು ತಂದ್ರು ಇದನ್ನ ಇಲ್ಲಿಗೆ?"

ಪ್ರಿನ್ಸಿಪಾಲ ಹತ್ತಿರ ಬಂದ. "ಸಾರ್, ಇದು ನಿಮ್ಮದೇ ಹೊಸದು. ಹೋದ ತಿಂಗಳು ಬರ್ದದ್ದು. ನಿಮ್ಮ ಅಕ್ಷರ ನೋಡಿ."

ಮೇಷ್ಟ್ರು ಹಾಳೆ ನೋಡಿದರು. ಪೆನ್ಸಿಲಿನ ಗುರುತು ಇನ್ನೂ ಕಪ್ಪಗಿತ್ತು. ಬೆರಳಿನಿಂದ ಒಂದು ಸಾಲನ್ನು ಸವರಿ ನೋಡಿದರು. ಆಮೇಲೆ ತಿರುಗಿ ಹೆಂಡತಿಯನ್ನು ಕೇಳಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದಳು ಅಕ್ಕಯ್ಯ.

"ಇವರಿಗೆಲ್ಲ?"

"ಮನೇಲಿ ಗೊತ್ತಿತ್ತು. ಇವನಿಗೆ ಗೊತ್ತಿರಲಿಲ್ಲ" ಎಂದು ಅವಳು ಪ್ರಿನ್ಸಿಪಾಲನನ್ನು ತೋರಿಸಿದಳು.

"ಮನೇಲೆಲ್ಲ ಗೊತ್ತಿತ್ತು" ಎಂದು ಅವರು ಅದನ್ನೇ ಮೆಲ್ಲಗೆ ಹೇಳಿಕೊಂಡರು. ಕೋಟು ಹಾಕಿಕೊಳ್ಳಲು ಹೋದರು, ತೋಳು ಸಿಗಲಿಲ್ಲ. ಅಳಿಯ ಎದ್ದು ತೋಳು ಹಿಡಿದುಕೊಟ್ಟ. ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು.

ಎರಡು ದಿನ ಅವರು ಉಣ್ಣಲಿಲ್ಲ. ಮೂರನೆಯ ದಿನ ಪ್ರಿನ್ಸಿಪಾಲ ಬಂದು ಬೂಟು ಬಿಚ್ಚಿ ಎದುರಿಗೆ ಕೂತ. "ಸಾರ್, ಹಳೇದು ಅಂತಾನೇ ಹೇಳಿ ನುಡಿಸ್ತೀವಿ. ಆವತ್ತು ಜನಕ್ಕೆ ಅರ್ಥ ಆಗಲಿಲ್ಲ. ಇವತ್ತು ಆಗುತ್ತೆ."

"ಹಳಸಿದ್ದನ್ನ ಬಿಸಿ ಮಾಡಿ ಬಡಿಸಬೇಡಪ್ಪ" ಎಂದರು ಮೇಷ್ಟ್ರು. "ನೀನು ಕೇಳಿದ್ದು ಹೊಸದು. ನನ್ನ ಹತ್ರ ಇಲ್ಲ. ಇನ್ನೊಬ್ಬರನ್ನ ಕೇಳು."

ಸಭಾಂಗಣ ತೆರೆಯುವ ಸಂಜೆ ಬೇರೊಬ್ಬ ಶಿಷ್ಯೆಯ ಕೃತಿ ನುಡಿಸಿದರು. ಮಗಳು ನುಡಿಸಿ ಬಂದಳು. ಮೇಷ್ಟ್ರು ಹೋಗಲಿಲ್ಲ. "ಹೇಗಿತ್ತು?" ಎಂದು ಕೇಳಿದರು, "ಚೆನ್ನಾಗಿತ್ತು" ಎಂದು ಅವಳು ಹೇಳಿದಳು, "ಕೊನೆ ಹೇಗೆ ಮಾಡಿದಾಳೆ?" ಎಂದರು. ಅವಳು ಹಾಡಿ ತೋರಿಸಿದಳು. "ಪರವಾಗಿಲ್ಲ. ಜನಕ್ಕೆ ಮುಗೀತು ಅಂತ ಗೊತ್ತಾಗುತ್ತೆ" ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹುಟ್ಟು ಗುಣ ಸುಟ್ಟರೂ ಹೋಗದು. ಮುಂದಿನ ವಾರವೇ ಒಂದು ಬೆಳಿಗ್ಗೆ ಅವರು ಅಡುಗೆಮನೆಗೆ ಬಂದು ಅಕ್ಕಯ್ಯನ ಎದುರು ಸ್ಟೂಲು ಎಳೆದುಕೊಂಡು ಕೂತರು.

"ನೀನೊಂದು ಉಪಕಾರ ಮಾಡಬೇಕು. ನಾನು ಬರೆಯೋವಾಗ ಪಕ್ಕದಲ್ಲಿ ಕೂತ್ಕೋ. ಹಳೇದು ಬಂದ ತಕ್ಷಣ ಹೇಳು. ಅಲ್ಲೇ ನಿಲ್ಲಿಸ್ತೀನಿ."

"ನನಗೇನು ಗೊತ್ತಾಗುತ್ತೆ ರೀ? ಮಗಳನ್ನ ಕೂರಿಸ್ಕೊಳ್ಳಿ."

"ಅವಳು ಹುಟ್ಟೋ ಮೊದಲಿನದೂ ಇದೆ. ನಾನು ಬರೆದದ್ದೆಲ್ಲ ಗೋಡೆ ಈ ಕಡೆಯಿಂದ ಕೇಳಿದವಳು ನೀನೊಬ್ಬಳೇ." ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಅಂದರು, "ನನ್ನಿಂದ ಏನೂ ಮುಚ್ಚಿಡಬಾರದು. ಮಾತು ಕೊಡು."

ಕೊಟ್ಟಳು. ಬೇರೆ ದಾರಿ ಕಾಣಲಿಲ್ಲ.

ಹೀಗೆ ಶುರುವಾಯಿತು. ಬೆಳಗಿನ ಕೆಲಸ ಮುಗಿಸಿ ಕೈ ಒರೆಸಿಕೊಂಡು ಅವಳು ಪಿಯಾನೋದ ಪಕ್ಕ ಕೂರುತ್ತಿದ್ದಳು. ಅವರು ಒಂದು ಸಾಲು ನುಡಿಸುವರು. ಅವಳು ಕೇಳಿ, "ಹಳೇದು" ಎನ್ನುವಳು. "ಯಾವುದು?" "ಮಗಳ ಮದುವೆ ವರ್ಷ ಬರೆದದ್ದು." ಅವರು ಹಾಳೆ ಹರಿದು ಹಾಕುವರು. ಇನ್ನೊಂದು ಸಾಲು. "ಹಳೇದು." "ಅದು?" "ನಮ್ಮಮ್ಮ ತೀರಿಕೊಂಡಾಗಿನದು." ಒಮ್ಮೊಮ್ಮೆ ಅವಳಿಗೆ ಗೊತ್ತಿಲ್ಲದ್ದು ಬರುತ್ತಿತ್ತು. ಆಸೆಯಿಂದ ಮುಂದಕ್ಕೆ ಬಗ್ಗುವಳು. ಅದು ಎರಡು ಹೆಜ್ಜೆ ಹೋಗಿ ದಾರಿ ತಪ್ಪಿ, ಮತ್ತೆ ಆ ಇಳಿಯುವ ಮೂರು ಸ್ವರಕ್ಕೇ ಬಂದು ಬೀಳುತ್ತಿತ್ತು. ಬುಟ್ಟಿ ತುಂಬ ಹರಿದ ಹಾಳೆ. ಗುಬ್ಬಿ ಅದರಲ್ಲಿ ಹಿಂಬದಿ ಖಾಲಿಯಿದ್ದವನ್ನು ಆರಿಸಿ ಚಿತ್ರ ಬರೆಯುತ್ತಿದ್ದಳು.

"ಅತ್ತೆ, ನೀವು ದಿನಾ ಅವರನ್ನ ಫೇಲ್ ಮಾಡ್ತಿದೀರಿ" ಎಂದ ಅಳಿಯ ಒಂದು ಸಂಜೆ. ಬೈಗುಳವಾಗಿ ಅಲ್ಲ, ನೊಂದುಕೊಂಡೇ ಅಂದ. "ಊಟಕ್ಕೆ ಕೂತ್ರೆ ನಿಮ್ಮ ಮುಖ ನೋಡ್ತಾರೆ, ಉಣ್ಣಲಾ ಬೇಡವಾ ಅಂತ."

"ಅವರೇ ಕೇಳಿದ್ದು" ಎಂದಳು ಮಗಳು. "ಅಮ್ಮ ಮಾತು ಕೊಟ್ಟಿದಾಳೆ."

"ಮಾತು ಕೊಟ್ಟದ್ದು ಆವತ್ತಿನ ಮಾವನಿಗೆ. ಆ ಮನುಷ್ಯ ಈಗ ಎಷ್ಟು ಉಳಿದಿದಾರೆ?"

ಮಗಳು ಸಿಟ್ಟಿನಿಂದ ಪಾತ್ರೆ ಕುಕ್ಕಿದಳು. ಅಕ್ಕಯ್ಯ ಇಬ್ಬರಿಗೂ ಬಡಿಸಿದಳು, ತನಗೆ ಬಡಿಸಿಕೊಳ್ಳುವುದನ್ನು ಮರೆತಳು.

ಅಳಿಯ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪಾಠಕ್ಕೆ ಬರುವವರು ನಿಂತಿದ್ದರು. ಮೇಷ್ಟ್ರ ಅಂಗಿಯ ಗುಂಡಿಗಳು ಒಂದು ಕಾಜ ಮೇಲಕ್ಕೋ ಕೆಳಕ್ಕೋ ಬಿದ್ದಿರುತ್ತಿದ್ದವು. ರಿಹರ್ಸಲ್ ನಡೆದದ್ದೇ ಅವರಿಗೆ ಮರೆತುಹೋಗಿತ್ತು, ಒಂದು ಬೆಳಿಗ್ಗೆ, "ಸಭಾಂಗಣ ಯಾವಾಗ ತೆರೀತಾರಂತೆ? ಹುಡುಗ ಕಾಯ್ತಿರ್ತಾನೆ" ಎಂದರು. ಆದರೆ ಹೆಂಡತಿಯನ್ನು ಕೇಳದೆ ಬರೆಯಬಾರದು ಎಂಬುದೊಂದು ಎಲ್ಲೋ ಉಳಿದಿತ್ತು. ಯಾಕೆ ಎಂಬುದು ಹೋಗಿತ್ತು.

ಚಳಿ ಜೋರಾಗಿದ್ದ ಒಂದು ಬೆಳಿಗ್ಗೆ ಅವರು ಬಹಳ ಹೊತ್ತು ಕೈ ಉಜ್ಜಿಕೊಂಡು ಕೂತರು. ಆಮೇಲೆ ನುಡಿಸಿದರು. ಇಳಿಯುವ ಮೂರು ಸ್ವರ, ನಿಲುಗಡೆ, ಅರ್ಧಕ್ಕೇ ಏರಿ ಬಿಟ್ಟದ್ದು. ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗಿದ ರಾಗ. ನುಡಿಸಿ ಮುಗಿಸಿ ಅವಳ ಕಡೆ ತಿರುಗಿದರು. ಪಾಠ ಒಪ್ಪಿಸಿ ನಿಂತ ಮಕ್ಕಳು ಇದೇ ಕೋಣೆಯಲ್ಲಿ ಅವರ ಮುಖವನ್ನು ಹೀಗೆ ನೋಡುತ್ತಿದ್ದದ್ದನ್ನು ಅವಳು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದಳು. ಎಷ್ಟೋ ಮಕ್ಕಳು ಅಳುತ್ತ ಅಡುಗೆಮನೆಗೆ ಬಂದಿದ್ದರು. ಅವರಿಗೆ ಬಿಸ್ಕತ್ತು ಕೊಟ್ಟು ಕಳಿಸಿದ್ದವಳು ಅವಳೇ.

"ಹೇಳು" ಎಂದರು ಮೇಷ್ಟ್ರು.

"ಹೊಸದು" ಎಂದಳು ಅಕ್ಕಯ್ಯ.

"ಸರಿಯಾಗಿ ಕೇಳಿದ್ಯಾ?"

"ಕೇಳಿದೆ. ಇದನ್ನ ನಾನು ಹಿಂದೆ ಕೇಳಿಲ್ಲ."

ಅವರು ಉಸಿರು ಬಿಟ್ಟರು. ಪೆನ್ಸಿಲು ತೆಗೆದುಕೊಂಡು ಹಾಳೆಯ ಮೇಲೆ ಬಾಗಿದರು. ಅಷ್ಟರಲ್ಲಿ ಶಾಲೆಗೆ ಹೊರಟ ಮಗಳು ಮೆಟ್ಟಿಲಿಳಿದು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಅವಳಿಗೂ ಕೇಳಿಸಿತ್ತು. "ಅಮ್ಮ" ಎಂದು ಶುರುಮಾಡಿದಳು. ಅಕ್ಕಯ್ಯ ತಲೆಯೆತ್ತಿ ಅವಳನ್ನು ನೋಡಿದಳು. ಮಗಳು ಮುಂದಿನ ಮಾತನ್ನು ಅಲ್ಲೇ ಬಿಟ್ಟಳು.

"ಬಂದ್ಯಾ? ಕೇಳು" ಎಂದರು ಮೇಷ್ಟ್ರು ಬರೆಯುತ್ತಲೇ. "ಹೊಸದು ಬಂತು. ನಿಮ್ಮಮ್ಮ ಪಾಸು ಮಾಡಿದಾಳೆ. ಇದನ್ನ ವಯೋಲಕ್ಕೆ ಇಡ್ತೀನಿ, ನೀನೇ ನುಡಿಸಬೇಕು."

"ಆಯ್ತಪ್ಪ" ಎಂದಳು ಮಗಳು. ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ಬಾಗಿಲು ಹಾಕಿದ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಅಕ್ಕಯ್ಯ ಎದ್ದು ಅಡುಗೆಮನೆಗೆ ಹೋದಳು. ಅನ್ನದ ನೀರು ಉಕ್ಕಿ ಒಲೆಯ ಸುತ್ತ ಹರಿದಿತ್ತು. ಉರಿ ಸಣ್ಣ ಮಾಡಿ ಬಟ್ಟೆ ತೆಗೆದುಕೊಂಡು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ನಾಳೆ ಬೆಳಿಗ್ಗೆ ಮತ್ತೆ ಕೇಳುತ್ತಾರೆ. ನಾಡಿದ್ದೂ ಕೇಳುತ್ತಾರೆ. ಒಂದು ಸಲ ಹೇಳಿದ್ದನ್ನು ಇನ್ನು ದಿನಾ ಹೇಳಬೇಕು. ಹೇಳುವಾಗ ಮುಖವನ್ನು ಸರಿಯಾಗಿ ಇಟ್ಟುಕೊಳ್ಳಬೇಕು.

"ಎಲ್ಲಿ ಹೋದೆ?" ಮುಂದಿನ ಕೋಣೆಯಿಂದ ಮೇಷ್ಟ್ರು ಕೂಗಿದರು. "ಬಾರೇ, ಮುಂದಿನ ಸಾಲು ಸಿಕ್ತು."

"ಬಂದೆ ರೀ."

ಒದ್ದೆ ಬಟ್ಟೆ ಹಿಂಡಿ ಹಾಕಿ ಬಂದು ಅವಳು ಸ್ಟೂಲಿನ ಮೇಲೆ ಕೂತಳು.

"ಹೂಂ, ನುಡಿಸಿ" ಎಂದಳು.